ಏಳು ಗಂಟೆಯ ಮುದ್ದೆ: ಓಡುವ ಹುಡುಗಿಯೊಬ್ಬಳ ಪ್ರಕರಣ

ಕಳೆದ ವರ್ಷ ಜೂನ್ ಕೊನೆಯಲ್ಲಿ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಹುಡುಗಿಗೆ 14 ವರ್ಷ, ಸರ್ಕಾರಿ ಪ್ರೌಢಶಾಲೆಯಲ್ಲಿ 9ನೇ ಕ್ಲಾಸು. 800 ಮೀಟರ್ ಓಡುತ್ತಾಳೆ. ಹಿಂದಿನ ವರ್ಷ ಹೋಬಳಿ, ತಾಲ್ಲೂಕು ಎರಡನ್ನೂ ಗೆದ್ದು ಜಿಲ್ಲಾ ಮಟ್ಟದಲ್ಲಿ ಮೂರನೆಯವಳಾಗಿದ್ದಳು. ಈಗ ಎರಡೂ ಕಾಲು ನೋವು. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ.

ನೋವು ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ. ಮೈದಾನದ ಮಕ್ಕಳೆಲ್ಲ ಇದಕ್ಕೆ ಶಿನ್ ಪೇನ್ ಅಂತಾರೆ. ಮೊದಮೊದಲು ಓಟ ಶುರುಮಾಡುವಾಗ ನೋಯುತ್ತಿತ್ತು, ಮೈ ಬಿಸಿಯಾದ ಮೇಲೆ ಹೋಗುತ್ತಿತ್ತು. ಆಮೇಲೆ ಓಟ ಮುಗಿದ ಮೇಲೂ ನಿಂತಿತು. ನನ್ನ ಹತ್ತಿರ ಬರುವ ಹೊತ್ತಿಗೆ ಶಾಲೆಯ ಮೆಟ್ಟಿಲು ಇಳಿಯುವಾಗಲೂ ನೋವು. 2 ನಿಮಿಷ 38 ಸೆಕೆಂಡಿಗೆ 800 ಮೀಟರ್ ಮುಗಿಸುತ್ತಿದ್ದವಳು 2:49ಕ್ಕೆ ಬಂದಿದ್ದಳು. ಅವಳಿಗೆ ಕಾಲುನೋವಿಗಿಂತ ಆ 11 ಸೆಕೆಂಡಿನ ಸಂಕಟವೇ ಜಾಸ್ತಿ ಇತ್ತು.

ಮನೆಯಲ್ಲಿ ಏನೂ ಮಾಡದೆ ಕೂತಿರಲಿಲ್ಲ. ಅಜ್ಜಿ ದಿನಾ ರಾತ್ರಿ ಎಣ್ಣೆ ಬಿಸಿ ಮಾಡಿ ಮೂಳೆಯ ಮೇಲೇ ಗಟ್ಟಿಯಾಗಿ ತಿಕ್ಕುತ್ತಿದ್ದರು. ಅಮ್ಮ ಮುಲಾಮು ತಂದಿದ್ದರು, ನೀ ಕ್ಯಾಪ್ ತಂದಿದ್ದರು. ಅಪ್ಪ ಮೊಬೈಲಿನಲ್ಲಿ ಕ್ರಿಕೆಟ್ ಆಟಗಾರರು ಐಸ್ ತುಂಬಿದ ತೊಟ್ಟಿಯಲ್ಲಿ ಕೂರುವುದನ್ನು ನೋಡಿ, ಬಕೆಟ್ಟಿಗೆ ಐಸ್ ಹಾಕಿ ಕಾಲು ಇಳಿಬಿಡಿಸಿದ್ದರು. ಯಾರೋ ಹೇಳಿದರು ಅಂತ ಪ್ರೋಟೀನ್ ಪೌಡರಿನ ಡಬ್ಬಿ ಕೊಳ್ಳಲು ಚೀಟಿ ದುಡ್ಡು ಎತ್ತುವ ಯೋಚನೆಯೂ ನಡೆದಿತ್ತು. "ಬೆಳೆಯೋ ವಯಸ್ಸು, ಮೂಳೆ ಎಳೀತದೆ, ಎಲ್ಲಾರ್ಗೂ ಹಿಂಗೇ" ಅಂತ ಅಜ್ಜಿ ಸಮಾಧಾನ ಹೇಳುತ್ತಿದ್ದರು.

ಅಜ್ಜಿಯ ಮಾತಿನಲ್ಲಿ ಅರ್ಧ ನಿಜ ಇದೆ. ಒಂದು ವರ್ಷದಲ್ಲಿ ಹುಡುಗಿ 6 ಸೆಂಟಿಮೀಟರ್ ಎತ್ತರವಾಗಿದ್ದಳು. ಮಕ್ಕಳು ಸರಸರ ಬೆಳೆಯುವಾಗ ಮೂಳೆ ಮೊದಲು ಉದ್ದ ಆಗುತ್ತದೆ, ಅದಕ್ಕೆ ಸುಣ್ಣದಂಶ ತುಂಬಿ ಗಟ್ಟಿಯಾಗುವುದು ಆಮೇಲೆ. ಆ ನಡುವಿನ ಕಾಲದಲ್ಲಿ ಮೂಳೆಯ ತಾಕತ್ತು ಸ್ವಲ್ಪ ಕಮ್ಮಿ. ಆದರೆ ನಾವು ಬೆಳೆಯುವ ನೋವು ಅನ್ನುವುದು ಬೇರೆ. ಅದು ಹೆಚ್ಚಾಗಿ ಚಿಕ್ಕ ಮಕ್ಕಳಿಗೆ ಬರುವಂಥದ್ದು. ರಾತ್ರಿ ಹೊತ್ತು ಕಾಲು ನೋವು ಅಂತ ಅಳುತ್ತಾರೆ, ಬೆಳಿಗ್ಗೆ ಏನೂ ಆಗದವರ ಹಾಗೆ ಓಡಾಡುತ್ತಾರೆ. ಓಡಿದಾಗ ಒಂದೇ ಜಾಗದಲ್ಲಿ ಬಂದು, ವಾರವಾರಕ್ಕೂ ಜಾಸ್ತಿಯಾಗುವ ನೋವನ್ನು ಬೆಳವಣಿಗೆ ಅಂತ ಬಿಟ್ಟುಬಿಡಬಾರದು.

ಬೆಂಚಿನ ಮೇಲೆ ಕೂರಿಸಿ, ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಲ್ಲಿ ಮೇಲಿನಿಂದ ಕೆಳಗೆ ಒತ್ತುತ್ತಾ ಬಂದೆ. ಎಡಗಾಲಿನಲ್ಲಿ ನಾಲ್ಕೈದು ಬೆರಳಗಲದಷ್ಟು ಉದ್ದಕ್ಕೂ ನೋವು. ಬಲಗಾಲಿನಲ್ಲಿ ಸ್ವಲ್ಪ ಕಮ್ಮಿ. ನೋವು ಹೀಗೆ ಉದ್ದಕ್ಕೆ ಹರಡಿಕೊಂಡಿದ್ದರೆ ಹೆಚ್ಚಾಗಿ ಮೂಳೆಯ ಹೊದಿಕೆಗೂ ಅದಕ್ಕೆ ಅಂಟಿದ ಸ್ನಾಯುವಿಗೂ ಬಿದ್ದ ಏಟು. ಅದೇ ನೋವು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಇದ್ದು, ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಆಗದೇ ಇದ್ದರೆ, ರಾತ್ರಿ ಮಲಗಿದ್ದಾಗಲೂ ಎಬ್ಬಿಸಿದರೆ, ಮೂಳೆಯಲ್ಲೇ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಆಗ ಅವತ್ತೇ ಓಟ ನಿಲ್ಲಿಸಬೇಕು. ಇವಳು ಹತ್ತು ಸಲ ಕುಪ್ಪಳಿಸಿದಳು, ನೋವಿನಲ್ಲೇ. ಆದರೂ ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಬಿರುಕು ಹೊಸದಾಗಿದ್ದರೆ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದೂ ಉಂಟು. ಅದಕ್ಕೇ ಎಕ್ಸ್‌ರೇ ಚೆನ್ನಾಗಿದೆ ಅಂತ ಮಾರನೇ ದಿನವೇ ಓಡಲು ಬಿಡಬೇಡಿ ಅಂತ ಡಾಕ್ಟರೂ ಹೇಳಿ ಕಳಿಸಿದರು.

ಎರಡು ವಾರ ಓಟ ಬೇಡ ಅಂದೆ. ಮೀನಖಂಡಕ್ಕೆ ಬಲ ಬರುವ ವ್ಯಾಯಾಮ ಹೇಳಿಕೊಟ್ಟೆ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಅಷ್ಟೇ. ಎರಡು ವಾರ ಕಳೆದು ಬಂದಾಗ ನೋವು ಸ್ವಲ್ಪ ಇಳಿದಿತ್ತು. ಆದರೆ ಹುಡುಗಿಯ ಮುಖ ಹಾಗೇ ಇತ್ತು. ಕಣ್ಣ ಕೆಳಗೆ ಕಪ್ಪು, ಮಾತಿಗೊಂದು ಸಲ ಆಕಳಿಕೆ. ಓಟವೇ ಇಲ್ಲದ ಎರಡು ವಾರದಲ್ಲೂ ಸುಸ್ತು ಯಾಕೆ ಹೋಗಲಿಲ್ಲ? ಆಗ ನನಗೆ ಹೊಳೆಯಿತು. ನಾನು ಅವಳ ಕಾಲನ್ನು ಕೇಳಿದ್ದೆ, ದಿನವನ್ನು ಕೇಳಿರಲಿಲ್ಲ. ಮೊದಲ ದಿನವೇ ಕೇಳಬೇಕಾಗಿತ್ತು.

ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿಯಲ್ಲಿ ಗೆರೆ ಹಾಕಿ ಕೊಟ್ಟೆ. ಅಭ್ಯಾಸ ಇದ್ದ ದಿನಗಳಲ್ಲಿ ಎದ್ದಿದ್ದು, ತಿಂದಿದ್ದು, ಓಡಿದ್ದು, ಮಲಗಿದ್ದು, ಎಲ್ಲ ನೆನಪು ಮಾಡಿಕೊಂಡು ಗಂಟೆ ಸಮೇತ ಬರೆ ಅಂದೆ. ಮುದ್ದಾದ ಅಕ್ಷರದಲ್ಲಿ ಬರೆದು ತಂದಳು.

ಎಂಟು ಗಂಟೆ

ಬೆಳಿಗ್ಗೆ 4:45ಕ್ಕೆ ಏಳುವುದು. ಟೀ, ಎರಡು ಬಿಸ್ಕತ್ತು. 5:30ರಿಂದ 7ರವರೆಗೆ ಅಭ್ಯಾಸ. ಮನೆಗೆ ಬಂದು ಸ್ನಾನ, ಎರಡು ದೋಸೆ, ಶಾಲೆ. ಮಧ್ಯಾಹ್ನ 1:15ಕ್ಕೆ ಶಾಲೆಯ ಬಿಸಿಯೂಟ. ಶಾಲೆ ಬಿಟ್ಟು ನೇರ ಮೈದಾನ. 4:30ರಿಂದ 6:30 ಮತ್ತೆ ಅಭ್ಯಾಸ. ಅಲ್ಲಿಂದ ಹಾಗೇ ಟ್ಯೂಷನ್. 8:45ಕ್ಕೆ ಮನೆ. ಅಪ್ಪ ಆಟೋ ನಿಲ್ಲಿಸಿ ಬರುವುದು 9:15ಕ್ಕೆ, ಆಮೇಲೆ ಎಲ್ಲರೂ ಒಟ್ಟಿಗೆ ಊಟ. ಹೋಂವರ್ಕ್. ಸ್ವಲ್ಪ ಹೊತ್ತು ಮೊಬೈಲ್. ಮಲಗುವುದು 11:30. ಇದು ಸೋಮವಾರದಿಂದ ಶನಿವಾರದವರೆಗೆ. ಭಾನುವಾರ ಸ್ನೇಹಿತೆಯರ ಜೊತೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಓಡುತ್ತಾ ಇಳಿಯುವುದು.

ಹಾಳೆಯ ಮೇಲೆ ಬೆರಳಿಟ್ಟು ಅಮ್ಮನಿಗೆ ತೋರಿಸಿದೆ. ಮಧ್ಯಾಹ್ನ 1:15ರ ಊಟ. ಮುಂದಿನ ಊಟ ರಾತ್ರಿ 9:15. ನಡುವೆ ಎಂಟು ಗಂಟೆ. ಆ ಎಂಟು ಗಂಟೆಯ ಒಳಗೇ ದಿನದ ಅತಿ ಕಷ್ಟದ ಎರಡು ಗಂಟೆ ಓಟ. ಅಮ್ಮ ಹಾಳೆ ನೋಡುತ್ತಾ ಸುಮ್ಮನೆ ಕೂತರು. ಅವರು ಗಾರ್ಮೆಂಟ್ಸಿನಲ್ಲಿ ದುಡಿದು ಸಂಜೆ ಮನೆಗೆ ಬರುವವರು. ಮಗಳು ಹಸಿದಿರುತ್ತಾಳೆ ಅಂತ ಗೊತ್ತಿತ್ತು. ಇಷ್ಟು ಹೊತ್ತು ಅಂತ ಎಣಿಸಿ ನೋಡಿರಲಿಲ್ಲ.

ಓಡುವಾಗ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತದೆ, ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸವೆಯುತ್ತವೆ. ಅಭ್ಯಾಸ ಅಂದರೆ ಒಂದು ರೀತಿಯಲ್ಲಿ ಈ ಸವೆತವೇ. ತಾಕತ್ತು ಹುಟ್ಟುವುದು ಅದನ್ನು ಮೈ ರಿಪೇರಿ ಮಾಡಿಕೊಳ್ಳುವಾಗ. ರಿಪೇರಿಗೆ ಸಾಮಾನು ಬೇಕು, ಹೊತ್ತು ಬೇಕು. ಈ ಮನೆಯಲ್ಲಿ ಎಣ್ಣೆ, ಐಸು, ಮುಲಾಮು ಎಲ್ಲ ಇದ್ದವು. ಊಟ ತಡವಾಗಿತ್ತು, ನಿದ್ದೆ ಐದೂಕಾಲು ಗಂಟೆಯಾಗಿತ್ತು. ಹದಿಹರೆಯದವರಿಗೆ ಬೇಕಾದ್ದು 8ರಿಂದ 10 ಗಂಟೆ ನಿದ್ದೆ. ಅಮೆರಿಕದಲ್ಲಿ 112 ಶಾಲಾ ಕ್ರೀಡಾಪಟುಗಳನ್ನು ಗಮನಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. 8 ಗಂಟೆಗಿಂತ ಕಮ್ಮಿ ಮಲಗುವ ಮಕ್ಕಳಿಗೆ ಪೆಟ್ಟಾಗುವ ಸಂಭವ 1.7 ಪಟ್ಟು ಇತ್ತು ಅಂತ ಅದರಲ್ಲಿ ಕಂಡಿತ್ತು. ಈ ಹುಡುಗಿ 8 ಗಂಟೆಯ ಹತ್ತಿರವೂ ಇರಲಿಲ್ಲ.

ಇನ್ನೊಂದು ವಿಷಯ ಹಾಳೆಯಲ್ಲಿ ಇರಲಿಲ್ಲ. ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತಾರಲ್ಲ, ಅದನ್ನು ಬರೆದಿಲ್ಲ ಯಾಕೆ ಅಂತ ಕೇಳಿದೆ. ತಲೆ ತಗ್ಗಿಸಿದಳು. ಮೊಟ್ಟೆಯನ್ನು ಪಕ್ಕದವಳಿಗೆ ಕೊಟ್ಟುಬಿಡುತ್ತಿದ್ದಳಂತೆ. "ತೂಕ ಜಾಸ್ತಿ ಆದ್ರೆ ಟೈಮಿಂಗ್ ಬರಲ್ಲ ಅಂದ್ರು ಮೇಡಂ." ಮೈದಾನದಲ್ಲಿ ಯಾರೋ ದೊಡ್ಡವರು ಹೇಳಿದ ಮಾತು. 43 ಕಿಲೋ ತೂಗುವ, ಇನ್ನೂ ಎತ್ತರ ಆಗುತ್ತಿರುವ ಮಗುವಿಗೆ ಹೇಳಿದ ಮಾತು. ನನಗೆ ನಿಜವಾಗಿ ಸಿಟ್ಟು ಬಂತು. ಹೇಳಿದವರಿಗೆ ಅದು ಒಂದು ಮಾತು ಅಷ್ಟೇ. ಈ ಹುಡುಗಿ ಅದನ್ನು ನಾಲ್ಕು ತಿಂಗಳು ಪಾಲಿಸಿದ್ದಳು.

ಅಮ್ಮ ಅವಳನ್ನು ಹೊರಗೆ ಕೂರಿಸಿ ಬಂದು ಮೆಲ್ಲಗೆ ಹೇಳಿದರು, ಮೂರು ತಿಂಗಳಿಂದ ಮುಟ್ಟಾಗಿಲ್ಲ ಅಂತ. ಶುರುವಾಗಿ ಒಂದೇ ವರ್ಷ, ಹಿಂದೆ ಮುಂದೆ ಆಗುವುದು ಸಹಜ ಅಂತ ಸುಮ್ಮನಿದ್ದರು. ಮೊದಲ ವರ್ಷಗಳಲ್ಲಿ ಹಿಂದೆ ಮುಂದೆ ಆಗುವುದು ನಿಜ. ಆದರೆ ದಿನಾ ಎರಡು ಹೊತ್ತು ಓಡುವ, ಕಮ್ಮಿ ತಿನ್ನುವ ಹುಡುಗಿಗೆ ಮೂರು ತಿಂಗಳು ನಿಂತರೆ ಡಾಕ್ಟರಿಗೆ ತೋರಿಸಲೇಬೇಕು. ಓಡಲು ಖರ್ಚಾಗುವಷ್ಟು ಊಟ ಒಳಗೆ ಹೋಗದಿದ್ದಾಗ ಮೈ ಉಳಿತಾಯ ಶುರುಮಾಡುತ್ತದೆ. ಮುಟ್ಟು ನಿಲ್ಲಿಸುತ್ತದೆ, ಮೂಳೆ ಕಟ್ಟುವುದನ್ನು ನಿಧಾನ ಮಾಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಅಂತ ಹೆಸರಿಟ್ಟಿತು. ಗಂಡುಮಕ್ಕಳಿಗೂ ಇದು ಬರುತ್ತದೆ, ಅವರಲ್ಲಿ ಮುಟ್ಟಿನಂಥ ಸೂಚನೆ ಸಿಗುವುದಿಲ್ಲ ಅಷ್ಟೇ.

ಡಾಕ್ಟರು ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ 10.4. ಈ ವಯಸ್ಸಿನ ಹುಡುಗಿಗೆ 12 ಇರಬೇಕು. ರಕ್ತದಲ್ಲಿ ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್ ಅಲ್ವಾ, 800 ಮೀಟರಿನಲ್ಲಿ ಆ 11 ಸೆಕೆಂಡಿನ ಒಂದು ಪಾಲು ಅಲ್ಲಿಗೂ ಹೋಗಿತ್ತು ಅಂತ ನನ್ನ ಲೆಕ್ಕ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ವಾಕರಿಕೆ ಬರುತ್ತದೆ ಅಂತ ನುಂಗುತ್ತಿರಲಿಲ್ಲ. ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಓಡುವ ಹುಡುಗಿ ಸುಸ್ತು ಅಂದರೆ ಮೊದಲು ಸೋಮಾರಿತನ ಅನ್ನಬೇಡಿ, ರಕ್ತ ನೋಡಿಸಿ.

ಅಜ್ಜಿಯ ಒಪ್ಪಿಗೆ

ಜುಲೈ ಕೊನೆಯಲ್ಲಿ ಒಂದು ರಾತ್ರಿ ಅವರ ಮನೆಗೆ ಹೋದೆ. ಕಾಲಿಗೆ ವಿಶ್ರಾಂತಿ ಇದ್ದರೂ ಮೈದಾನ ಬಿಡಲು ಮನಸ್ಸಿಲ್ಲ, ಸಂಜೆ ಹೋಗಿ ಕೂತು ವ್ಯಾಯಾಮ ಮಾಡಿ, ಟ್ಯೂಷನ್ ಮುಗಿಸಿ ಬಂದಳು. ಬಾಗಿಲಲ್ಲೇ ಬ್ಯಾಗು ಇಳಿಸಿ ಹೊಸ್ತಿಲ ಮೇಲೆ ಕೂತಳು. ಒಂದು ಶೂ ಬಿಚ್ಚಿದಳು. ಇನ್ನೊಂದರ ಲೇಸ್ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಒಳಗಿನಿಂದ ಅಜ್ಜಿ, "ಕೂಸು, ಕೈಕಾಲು ತೊಳ್ಕೊ, ಅಪ್ಪ ಬರಲಿ ಉಣ್ಣುವಂತೆ" ಅಂದರು. ಕೂಸಿಗೆ ಉತ್ತರ ಕೊಡಲೂ ಶಕ್ತಿ ಇರಲಿಲ್ಲ.

ಅಜ್ಜಿಗೆ ಅವಳ ಮೇಲೆ ಪ್ರಾಣ. ಆದರೆ ಒಬ್ಬಳಿಗೆ ಮೊದಲೇ ಬಡಿಸುವುದು ಅವರಿಗೆ ಸರಿಕಾಣಲಿಲ್ಲ. "ಎಲ್ಲಾರೂ ಒಟ್ಟಿಗೆ ಕೂತು ಉಣ್ಣೋದು ಈ ಮನೆ ಪದ್ಧತಿ ಡಾಕ್ಟ್ರಮ್ಮ. ಒಬ್ಬಳಿಗೆ ಅಂತ ಹಿಟ್ಟು ತೊಳಸೋದಾ?" ಆ ಪದ್ಧತಿ ಒಳ್ಳೆಯದೇ. ನಾನು ವಾದ ಮಾಡಲಿಲ್ಲ. ಅಭ್ಯಾಸ ಮುಗಿದ ಮೇಲೆ ಗಂಟೆ ಒಳಗೆ ಹೊಟ್ಟೆಗೆ ಬಿದ್ದರೆ ಕಾಲು ಬೇಗ ಸುಧಾರಿಸುತ್ತದೆ ಅಂತ ಮಾತ್ರ ಹೇಳಿದೆ. ಟ್ಯೂಷನ್ನಿನವರು ಒಪ್ಪಿ ಶನಿವಾರ, ಭಾನುವಾರದ ಬ್ಯಾಚಿಗೆ ಹಾಕಿಕೊಟ್ಟರು. ಇನ್ನು ಹುಡುಗಿ ಸಂಜೆ 6:50ಕ್ಕೇ ಮನೆಯಲ್ಲಿರುತ್ತಾಳೆ. ಅಜ್ಜಿ ಎರಡು ದಿನ ಯೋಚನೆ ಮಾಡಿದರು. ಮೂರನೇ ದಿನ ಅಟ್ಟದಿಂದ ಒಂದು ಸಣ್ಣ ಪಾತ್ರೆ ಇಳಿಸಿದರಂತೆ.

ಆರು ಮುದ್ದೆ ತೊಳಸಿ ಗೊತ್ತಿರುವ ಕೈಗೆ ಒಂದು ಮುದ್ದೆಯ ನೀರಿನ ಅಂದಾಜು ಸಿಗುವುದಿಲ್ಲ. ಮೊದಲ ದಿನ ಗಂಟುಗಂಟಾಯಿತು, ಎರಡನೇ ದಿನ ತೆಳ್ಳಗಾಯಿತು. ವಾರದ ಹೊತ್ತಿಗೆ ಹದ ಬಂತು. ಏಳು ಗಂಟೆಗೆ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಅಥವಾ ಉಪ್ಸಾರು, ಜೊತೆಗೆ ಸೊಪ್ಪು, ಅದರ ಮೇಲೆ ಅರ್ಧ ನಿಂಬೆಹಣ್ಣು. ಹುಳಿ ಇದ್ದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಟೀ ಅದನ್ನು ತಡೆಯುತ್ತದೆ, ಹಾಗಾಗಿ ಊಟಕ್ಕೂ ಟೀಗೂ ಒಂದು ಗಂಟೆ ಅಂತರ. 9:15ಕ್ಕೆ ಅಪ್ಪ ಬಂದಾಗ ಅವಳೂ ಒಂದು ಲೋಟ ಹಾಲು ಹಿಡಿದು ಪಂಕ್ತಿಯಲ್ಲೇ ಕೂರುತ್ತಾಳೆ. ಪದ್ಧತಿಯೂ ಉಳಿಯಿತು.

ಬ್ಯಾಗಿನಲ್ಲಿ ಎರಡು ಸ್ಟೀಲ್ ಡಬ್ಬಿ ಬಂದವು. ನಾಲ್ಕು ಗಂಟೆಗೆ, ಮೈದಾನಕ್ಕೆ ಹೋಗುವ ಮುಂಚೆ, ಬಾಳೆಹಣ್ಣು, ಹಿಡಿ ಕಡಲೆಬೀಜ, ಸ್ವಲ್ಪ ಬೆಲ್ಲ. ಬೆಳಗಿನ ಅಭ್ಯಾಸ ಮುಗಿದ ತಕ್ಷಣಕ್ಕೆ ರಾಗಿ ಹುರಿಹಿಟ್ಟು. ಹುರಿಹಿಟ್ಟು ಇಂಥ ಕೆಲಸಕ್ಕೇ ಹೇಳಿ ಮಾಡಿಸಿದ್ದು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅರಳು ಬಂದ ರಾಗಿಯ ಹಿಟ್ಟು, ಬೇಯಿಸುವಂತಿಲ್ಲ. ಡಬ್ಬಿಯಲ್ಲಿ ಹಿಟ್ಟು, ಬೆಲ್ಲ ಇರುತ್ತದೆ. ಮೈದಾನದ ಕಟ್ಟೆ ಮೇಲೆ ಕೂತು ಬಾಟಲಿಯ ಹಾಲು ಸುರಿದು ಚಮಚದಲ್ಲಿ ಕಲಸಿದರೆ ಆಯಿತು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ. ಈ ವಯಸ್ಸಿಗೆ ದಿನಕ್ಕೆ ಬೇಕಾದ್ದು 1,000 ಮಿಲಿಗ್ರಾಂ.

ಪ್ರೋಟೀನ್ ಡಬ್ಬಿಯ ಯೋಚನೆ ಬಿಡಿಸಲು ಒಂದು ಲೆಕ್ಕ ಹಾಕಿ ತೋರಿಸಬೇಕಾಯಿತು. ಓಡುವ ಮಗುವಿಗೆ ತೂಕದ ಕಿಲೋಗೆ ಒಂದೂವರೆ ಗ್ರಾಂನಷ್ಟು ಪ್ರೋಟೀನ್ ಸಿಕ್ಕರೆ ಸಾಕು. 43 ಕಿಲೋಗೆ 65 ಗ್ರಾಂ ಹತ್ತಿರ. ಅವಳಿಗೆ ಸಿಗುತ್ತಿದ್ದದ್ದು ನನ್ನ ಅಂದಾಜಿನಲ್ಲಿ 40ರ ಒಳಗೆ. ಶಾಲೆಯ ಮೊಟ್ಟೆಯನ್ನು ತಿಂದರೆ 6 ಗ್ರಾಂ, ಹಿಡಿ ಕಡಲೆಬೀಜಕ್ಕೆ 7, ಹಾಲು ಹುರಿಹಿಟ್ಟಿಗೆ 8, ರಾತ್ರಿಯ ಹಾಲಿಗೆ 6. ಅಲ್ಲಿಗೆ ಬಂತು. ಚೀಟಿ ದುಡ್ಡು ಉಳಿಯಿತು, ಅದರಲ್ಲಿ ಹೊಸ ಶೂ ಬಂತು. ಹಳೆಯದರ ಅಟ್ಟೆ ಪೂರ್ತಿ ಸವೆದಿತ್ತು.

ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಅನ್ನಲಿಲ್ಲ. ಮೂಳೆಯ ಮೇಲೆ ಬೇಡ, ಮೀನಖಂಡಕ್ಕೆ ಹಗುರವಾಗಿ ಹಚ್ಚಿ ಅಂದೆ. ಸ್ನಾಯುವಿನ ಬಿಗಿತ ಅದರಿಂದ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ಜಾಸ್ತಿ, ಅಜ್ಜಿಯ ಕೈ ಬಿದ್ದರೆ ಹುಡುಗಿಗೆ ನಿದ್ದೆ ಬರುತ್ತದೆ. ಐಸ್ ನೋವು ಕಮ್ಮಿ ಮಾಡಲು ಮಾತ್ರ, ಬಟ್ಟೆ ಸುತ್ತಿ ಹತ್ತು ನಿಮಿಷ. ಐಸ್‌ನಿಂದ ಪೆಟ್ಟು ಬೇಗ ವಾಸಿಯಾಗುತ್ತದೆ ಅನ್ನುವ ನಂಬಿಕೆ ಈಗ ಮೊದಲಿನಷ್ಟು ಗಟ್ಟಿ ಇಲ್ಲ. 1978ರಲ್ಲಿ ವಿಶ್ರಾಂತಿ, ಐಸ್, ಬ್ಯಾಂಡೇಜ್, ಕಾಲು ಎತ್ತಿಡುವುದು ಅನ್ನುವ ಸೂತ್ರ ಹೇಳಿಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಆಮೇಲೆ, ಐಸ್ ವಾಸಿಯಾಗುವುದನ್ನು ತಡ ಮಾಡಬಹುದು ಅಂತ ತಿದ್ದಿಕೊಂಡರು. ಬಕೆಟ್ಟಿನ ಐಸ್ ಅಲ್ಲಿಗೆ ನಿಂತಿತು.

ನಿದ್ದೆಯದ್ದೇ ಕಷ್ಟವಾಯಿತು. ಈ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ತಡವಾಗಿ ನಿದ್ದೆ ತರುತ್ತದೆ. ಬೇಗ ಮಲಗು ಅಂತ ಬೈದರೆ ನಿದ್ದೆ ಬರುವುದಿಲ್ಲ. ಹಾಗಾಗಿ ಬೆಳಗಿನ ಕಡೆಯಿಂದ ಹೊತ್ತು ಹುಡುಕಿದೆವು. ಕೋಚ್ ಸರ್ ಜೊತೆ ಮಾತಾಡಲು ಅಮ್ಮ ಹೆದರಿದರು. ಹುಡುಗಿಯೇ ಆ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಹೋಗಿ ತೋರಿಸಿದಳು. ಸರ್ ಪೂರ್ತಿ ಓದಿ, "ಇಷ್ಟು ಆಗ್ತಿದೆ ಅಂತ ನಂಗೆ ಯಾಕಮ್ಮ ಹೇಳಲಿಲ್ಲ?" ಅಂದರಂತೆ. ಬೆಳಗಿನ ಅಭ್ಯಾಸ ವಾರಕ್ಕೆ ಮೂರೇ ದಿನ ಆಯಿತು. ಭಾನುವಾರ ಪೂರ್ತಿ ರಜೆ. ಮೊಬೈಲು 9:30ಕ್ಕೆ ಅಪ್ಪನ ಕೈಗೆ. ಅಭ್ಯಾಸ ಇಲ್ಲದ ದಿನ ಎಂಟೂವರೆ ಗಂಟೆ ನಿದ್ದೆ ಸಿಗತೊಡಗಿತು, ಇರುವ ದಿನ ಏಳು. ಅಷ್ಟು ಮಾತ್ರ ಆಯಿತು.

ಆಗಸ್ಟ್, ಆಮೇಲೆ

ಆಗಸ್ಟಿನ ಹೋಬಳಿ ಕ್ರೀಡಾಕೂಟಕ್ಕೆ ಕಳಿಸಲಿಲ್ಲ. ಅವತ್ತು ಅವಳು ಅತ್ತಳು. ಅವಳಿಗಿಂತ ನಿಧಾನ ಓಡುವವಳು ಗೆದ್ದಳು. ಅಮ್ಮ ನನಗೆ ಫೋನ್ ಮಾಡಿ, "ಕಳಿಸಬೇಕಿತ್ತೇನೋ ಮೇಡಂ" ಅಂದರು. ಬೇಡವಾಗಿತ್ತು ಅಂತ ಈಗಲೂ ನನ್ನ ಅಭಿಪ್ರಾಯ.

ಅದಾದ ಮುಂದಿನ ಭಾನುವಾರ ಮನೆಯಲ್ಲಿ ಹೇಳದೆ ಬೆಟ್ಟದ ಮೆಟ್ಟಿಲಿಗೆ ಹೋದಳು. ಹತ್ತುವುದಕ್ಕಿಂತ ಇಳಿಯುವುದೇ ಕಾಲಿಗೆ ಜಾಸ್ತಿ ಭಾರ. ಒಂದೊಂದು ಮೆಟ್ಟಿಲಿಗೂ ಮೈಭಾರವನ್ನು ಸ್ನಾಯು ಎಳೆದು ಹಿಡಿಯಬೇಕು, ಪಾದ ಬಿದ್ದ ಏಟು ಮೂಳೆಗೆ ಹೋಗುತ್ತದೆ. ಸೋಮವಾರ ತೊಡೆ ನೋವು, ಮಂಗಳವಾರ ಇನ್ನೂ ಜಾಸ್ತಿ. ಆ ನೋವಿಗೆ ನಾನು ಹೆದರಲಿಲ್ಲ. ಹೊಸ ಕೆಲಸ ಮಾಡಿದ ಸ್ನಾಯು ಒಂದರಿಂದ ಮೂರು ದಿನ ನೋಯುತ್ತದೆ, ಎರಡೂ ಕಡೆ ಸಮನಾಗಿ, ತಾನೇ ಹೋಗುತ್ತದೆ. ಮನೆಯವರು ಗುರುತು ಹಿಡಿಯಬೇಕಾದ ವ್ಯತ್ಯಾಸ ಇದು. ಗುರುವಾರ ತೊಡೆ ಸರಿಹೋಯಿತು, ಎಡಗಾಲಿನ ಮೂಳೆಯ ಹಳೇ ಜಾಗ ಸರಿಹೋಗಲಿಲ್ಲ. ಮತ್ತೆ ಮೂರು ವಾರ ಹಿಂದಕ್ಕೆ ಹೋದೆವು. ಯಾರೂ ಅವಳನ್ನು ಬೈಯಬಾರದು ಅಂತ ಕೇಳಿಕೊಂಡೆ. ಓಡುವುದನ್ನೇ ಪ್ರೀತಿಸುವ ಮಗು ಓಡಿದೆ, ಅದಕ್ಕೆ ಬೈದರೆ ಮುಂದಿನ ಸಲ ನೋವನ್ನೇ ಬಚ್ಚಿಡುತ್ತದೆ.

ಸೆಪ್ಟೆಂಬರಿನಲ್ಲಿ ಮತ್ತೆ ಶುರು. ಮೊದಲು ಅರ್ಧ ಗಂಟೆ ಬಿರುಸಿನ ನಡಿಗೆ ನೋವಿಲ್ಲದೆ ಆಗಬೇಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ. ಹತ್ತಕ್ಕೆ ಎರಡು ಅಂಕಕ್ಕಿಂತ ನೋವು ಮೇಲೆ ಹೋದರೆ, ಅಥವಾ ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆಗೇ ನೋವಿದ್ದರೆ, ಹಿಂದಿನ ಹಂತಕ್ಕೆ ವಾಪಸ್. ಪ್ರತಿ ಬೆಳಿಗ್ಗೆ ಅವಳೇ ಹೆಬ್ಬೆರಳಿನಲ್ಲಿ ಮೂಳೆ ಒತ್ತಿ ನೋಡಿ ಕ್ಯಾಲೆಂಡರಿನಲ್ಲಿ ಅಂಕ ಬರೆದಳು. ಅಕ್ಟೋಬರ್ ಕೊನೆಗೆ ಸೊನ್ನೆಗಳ ಸಾಲು ಶುರುವಾಯಿತು. ಆ ತಿಂಗಳೇ ಮುಟ್ಟೂ ಬಂತು. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಊಟ ಆದ ಮೇಲೆ ನುಂಗಿದ್ದರಿಂದ ವಾಕರಿಕೆ ನಿಂತಿತ್ತು. ಹಿಮೋಗ್ಲೋಬಿನ್ 11.8ಕ್ಕೆ ಬಂತು. ತೂಕ ಎರಡು ಕಿಲೋ ಏರಿ 45 ಆಯಿತು.

ಡಿಸೆಂಬರಿನಲ್ಲಿ ಸರ್ ಒಂದು ಟ್ರಯಲ್ ಓಡಿಸಿದರು. 2:37. ಹಳೆಯದಕ್ಕಿಂತ ಒಂದೇ ಸೆಕೆಂಡು ಕಮ್ಮಿ. ಎರಡು ಕಿಲೋ ಜಾಸ್ತಿ ತೂಗುವ ಮೈಯಲ್ಲಿ ಓಡಿದ್ದು ಅಂತ ಅವಳಿಗೆ ನೆನಪು ಮಾಡಿದೆ. ನಕ್ಕಳು.

ಈ ಜೂನ್‌ಗೆ ಅವಳು ಎಸ್ಸೆಸ್ಸೆಲ್ಸಿ. ಶಾಲೆಯಲ್ಲಿ ಸಂಜೆ 5:30ರವರೆಗೆ ಸ್ಪೆಷಲ್ ಕ್ಲಾಸ್ ಇರುತ್ತದಂತೆ. ಅಭ್ಯಾಸ ಆಮೇಲೆ ಶುರುವಾದರೆ ಈ ಲೆಕ್ಕವೆಲ್ಲ ಮತ್ತೆ ಕದಡುತ್ತದೆ. ಹೋದ ವಾರ ಮೂವರೂ ಬಂದಿದ್ದರು, ಹೊಸ ಹಾಳೆ ಹಾಸಿ ಕೂತೆವು. ಬೆಳಗಿನ ಅಭ್ಯಾಸ ಎರಡೇ ದಿನ ಇಟ್ಟುಕೊಳ್ಳೋಣವೇ, ಶನಿವಾರಕ್ಕೆ ದೂಡೋಣವೇ ಅಂತ ಹುಡುಗಿ, ಅಮ್ಮ, ನಾನು ಮಾತಾಡುತ್ತಿದ್ದೆವು. ಅಜ್ಜಿ ಸುಮ್ಮನೆ ಕೇಳಿಸಿಕೊಳ್ಳುತ್ತಾ ಕೂತಿದ್ದವರು ಕೊನೆಗೆ ಒಂದೇ ಮಾತು ಕೇಳಿದರು.

"ಅದೆಲ್ಲ ನೀವು ನೋಡ್ಕಳಿ ಡಾಕ್ಟ್ರಮ್ಮ. ಹಿಟ್ಟಿಗೆ ಎಸರು ಎಷ್ಟೊತ್ತಿಗೆ ಇಡ್ಲಿ, ಅದು ಹೇಳಿ."